ಹನ್ನೊಂದನೆಯ ರೆಕ್ಕೆ

ಬಾವಿ ಓಣಿಯ ಹೊಸ ಟ್ರಾನ್ಸ್‌ಫಾರ್ಮರಿನ ಹನ್ನೊಂದನೆಯ ರೆಕ್ಕೆ ತಣ್ಣಗಿದೆ ಎಂಬ ಸುದ್ದಿ ನನಗೆ ಮುಟ್ಟಿದಾಗ ಬೆಳಗಿನ ಒಂಬತ್ತು ಗಂಟೆ. ಪರೀಕ್ಷೆ ಆರಂಭವಾಗಿ ಮೂರು ತಾಸು ಕಳೆದಿದ್ದವು, ಒಂಬತ್ತು ತಾಸು ಉಳಿದಿದ್ದವು. ಸಂಜೆ ಆರಕ್ಕೆ ಎಣ್ಣೆಯ ಬಿಸಿ ಉಷ್ಣಮಾಪಕದ ಕೆಂಪು ಗೆರೆಯನ್ನು ದಾಟಿದ್ದರೆ ಆ ಯಂತ್ರವನ್ನು ಕಿತ್ತು ಗಾಣಿಗರ ಓಣಿಗೆ ಒಯ್ಯುವುದೆಂದು ಕಚೇರಿಯ ಆದೇಶದಲ್ಲಿ ಮೊದಲೇ ಬರೆದಾಗಿತ್ತು. ಹನ್ನೊಂದನೆಯ ರೆಕ್ಕೆ ಯಾರದೆಂದು ಕೇಳಿದೆ. ಉತ್ತರ ಬಂದ ಮೇಲೆ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟೆ. ಅದು ಚಂಪವ್ವನದು. ಆ ಟ್ರಾನ್ಸ್‌ಫಾರ್ಮರ್ ಬರಲೆಂದು ಮೂರು ವರ್ಷ ಕಾದವಳು ಅವಳೇ.

ನನ್ನ ಹೆಸರು ಇಂದುಮತಿ. ಇಪ್ಪತ್ತೆರಡು ವರ್ಷಗಳಿಂದ ಈ ಊರಿನ ಟ್ರಾನ್ಸ್‌ಫಾರ್ಮರುಗಳಿಗೆ ತೊಟ್ಟಿಯ ಅಳತೆ ಹಾಕಿಕೊಡುವುದು ನನ್ನ ಉದ್ಯೋಗ. ಕೆಲಸ ಕೇಳಲು ಸರಳ. ತಾಮ್ರದ ಸುರುಳಿಗಳು ತೊಟ್ಟಿಯ ಎಣ್ಣೆಯಲ್ಲಿ ಮುಳುಗಿ ಕುಳಿತಿರುತ್ತವೆ. ವಿದ್ಯುತ್ತು ಹರಿದಷ್ಟೂ ಅವು ಕಾಯುತ್ತವೆ, ಎಣ್ಣೆಯನ್ನೂ ಕಾಯಿಸುತ್ತವೆ. ಕಾದ ಎಣ್ಣೆ ಮೇಲೇರಿ, ತೊಟ್ಟಿಯ ಹೊರಮೈಗೆ ಬೆಸೆದಿರುವ ಟೊಳ್ಳು ರೆಕ್ಕೆಗಳನ್ನು ಹೊಕ್ಕು, ಅಲ್ಲಿ ಗಾಳಿಗೆ ಮೈಯೊಡ್ಡಿ ತಣಿದು, ಕೆಳಗಿನಿಂದ ಮತ್ತೆ ತೊಟ್ಟಿಗೆ ಮರಳುತ್ತದೆ. ಎಷ್ಟು ಬಿಸಿ ಹುಟ್ಟುತ್ತದೆ, ಅದರಲ್ಲಿ ತೊಟ್ಟಿಯ ಗೋಡೆಗಳೇ ಎಷ್ಟನ್ನು ಕಳೆಯಬಲ್ಲವು, ಉಳಿದದ್ದಕ್ಕೆ ಎಷ್ಟು ರೆಕ್ಕೆ ಬೇಕು. ಬೇರೆ ಊರುಗಳಲ್ಲಿ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ನಮ್ಮಲ್ಲಿ ಇನ್ನೊಂದು ಸಾಲು ಇದೆ. ನಮ್ಮಲ್ಲಿ ಓಣಿಯ ಪ್ರತಿ ಮನೆಗೂ ಒಂದು ರೆಕ್ಕೆ. ರೆಕ್ಕೆಯ ಮೇಲೆ ಮನೆಯ ಹೆಸರು ಬರೆದಿರುತ್ತದೆ. ಮನೆಯಲ್ಲಿ ಯಾರ ಮೇಲಾದರೂ ಮುನಿಸಿದ್ದರೆ ಎಣ್ಣೆ ಆ ಮನೆಯ ರೆಕ್ಕೆಯನ್ನು ಹೊಗುವುದಿಲ್ಲ. ಮುನಿಸು ಇಳಿದಾಗ ಹೊಗುತ್ತದೆ.

ಹೀಗಾಗಿ ನಮ್ಮ ಜನಕ್ಕೆ ಕೆಲವು ರೂಢಿಗಳು ಬಂದಿವೆ. ಬೆಳಗ್ಗೆ ಹಾಲಿಗೆ ಹೋಗುವವರು ಹೋಗುಹೋಗುತ್ತ ಹಿಂಗೈಯಿಂದ ರೆಕ್ಕೆಗಳನ್ನು ಸವರಿ ಓಣಿಯ ಕ್ಷೇಮಸಮಾಚಾರ ತಿಳಿದುಕೊಳ್ಳುತ್ತಾರೆ. ಮನೆಯವರ ಎದುರಿಗೇ ಅವರ ರೆಕ್ಕೆ ಮುಟ್ಟುವುದು ಮರ್ಯಾದೆಯಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುವ ಮೊದಲು ಚಪ್ಪಲಿ ಹುಡುಕುವ ನೆಪದಲ್ಲಿ ಟ್ರಾನ್ಸ್‌ಫಾರ್ಮರಿನ ತನಕ ಹೋಗಿ ಬರುತ್ತಾರೆ. ಒಂದು ರೆಕ್ಕೆ ತಣ್ಣಗಾಯಿತೆಂದರೆ ಓಣಿಯವರು ಒಬ್ಬೊಬ್ಬರಾಗಿ ಬೆಲ್ಲದ ಚೂರು ಹಿಡಿದು ಆ ಮನೆಯ ಬಾಗಿಲಿಗೆ ಹೋಗಿ "ನನ್ನಿಂದೇನು?" ಎಂದು ಕೇಳುವುದು ಪದ್ಧತಿ. ಅಲ್ಲವಾದರೆ ಮನೆಯವರು "ನಿನ್ನಿಂದಲ್ಲ" ಎಂದು ಬೆಲ್ಲವನ್ನು ಮರಳಿಸುತ್ತಾರೆ. ಹೌದಾದರೆ ಬೆಲ್ಲ ಒಳಗೆ ಹೋಗುತ್ತದೆ, ಹಿಂದೆಯೇ ಬೆಲ್ಲ ತಂದವರೂ ಹೋಗುತ್ತಾರೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಏನು ನಡೆಯಿತೆಂದು ಯಾರೂ ಕೇಳುವಂತಿಲ್ಲ. ಒಂದು ತಾಸಿಗೆ ರೆಕ್ಕೆ ಬಿಸಿಯಾಗುತ್ತದೆ.

ಅಳತೆ ಹಾಕುವವರಿಗೆ ಇದರಿಂದ ಒಂದು ತೊಡಕು. ಯಾವ ಓಣಿಯಲ್ಲಿಯೂ ಎಲ್ಲ ಮನೆಗಳೂ ಏಕಕಾಲಕ್ಕೆ ನಗುತ್ತಿರುವುದಿಲ್ಲ. ಆದ್ದರಿಂದ ನನ್ನ ಹಿಂದಿನವರು ಒಂದು ಕೋಷ್ಟಕ ಮಾಡಿಟ್ಟಿದ್ದರು: ನೇಕಾರರ ಓಣಿಗೆ ಹತ್ತಕ್ಕೆ ಒಂದು ಹೆಚ್ಚಿನ ರೆಕ್ಕೆ, ವಕೀಲರ ಓಣಿಗೆ ನಾಲ್ಕಕ್ಕೆ ಒಂದು, ಸಂಗೀತ ಕಲಿಸುವವರ ಓಣಿಗೆ ಮೂರಕ್ಕೆ ಒಂದು. ಮನೆಯಿಲ್ಲದ ಆ ಹೆಚ್ಚಿನ ರೆಕ್ಕೆಗಳ ಮೇಲೆ ಊರ ಹೆಸರು ಬರೆಯುತ್ತೇವೆ. ಇದಕ್ಕೆ ಮುನಿಸಿನ ಪಾಲು ಎನ್ನುವುದು. ಇಪ್ಪತ್ತೆರಡು ವರ್ಷ ನಾನು ಮುನಿಸಿನ ಪಾಲು ಬಿಡದೆ ಒಂದು ತೊಟ್ಟಿಗೂ ನಕ್ಷೆ ಬರೆದಿರಲಿಲ್ಲ. ಬಾವಿ ಓಣಿಗೆ ಬರೆದೆ.

ಬರೆಯದೆ ಗತ್ಯಂತರವಿರಲಿಲ್ಲ. ಅಲ್ಲಿನ ಕಟ್ಟೆ ಒಂದು ಕಡೆ ಹಿಟ್ಟಿನ ಗಿರಣಿಯ ಗೋಡೆಗೂ ಇನ್ನೊಂದು ಕಡೆ ಬಾವಿಗೂ ನಡುವೆ ಸಿಕ್ಕಿಕೊಂಡಿದೆ. ತೊಟ್ಟಿಯನ್ನು ಅಗಲಿಸಿದರೆ ಬಾವಿಯ ರಾಟೆಗೆ ತಾಗುತ್ತದೆ, ಎತ್ತರಿಸಿದರೆ ಮೇಲಿನ ತಂತಿಗೆ. ರೆಕ್ಕೆಗಳನ್ನು ಉದ್ದ ಮಾಡಿದರೆ ನೀರಿನ ಗಾಡಿ ತಿರುಗುವುದಿಲ್ಲ. ಹೊಸ ಯಂತ್ರದಲ್ಲಿ ಹುಟ್ಟುವ ಬಿಸಿ ಎರಡು ಸಾವಿರದ ಎಂಟುನೂರು ವ್ಯಾಟ್. ತೊಟ್ಟಿಯ ಗೋಡೆಗಳು ಕಳೆಯುವುದು ಸಾವಿರದ ಮುನ್ನೂರು. ಉಳಿದ ಸಾವಿರದ ಐನೂರನ್ನು ರೆಕ್ಕೆಗಳು ಹೊರಬೇಕು. ಒಂದು ರೆಕ್ಕೆ ತೊಂಬತ್ತೈದು ವ್ಯಾಟ್ ಹೊರುತ್ತದೆ. ಜಾಗವಿದ್ದದ್ದು ಹದಿನಾರು ರೆಕ್ಕೆಗೆ, ಓಣಿಯ ಮನೆಗಳೂ ಹದಿನಾರು. ಹದಿನಾರೂ ಬಿಸಿಯಾಗಿದ್ದರೆ ಇಪ್ಪತ್ತು ವ್ಯಾಟ್ ಮಿಗುತ್ತದೆ. ದೇವರ ಮನೆಯ ಒಂದು ಸಣ್ಣ ದೀಪದಷ್ಟು. ಹದಿನೈದೇ ಬಿಸಿಯಾದರೆ ಎಪ್ಪತ್ತೈದು ವ್ಯಾಟ್ ಸಾಲದೆ ಬರುತ್ತದೆ, ಎಣ್ಣೆ ಕೆಂಪು ಗೆರೆಯನ್ನು ಒಂದೇ ಒಂದು ಡಿಗ್ರಿಯಿಂದ ದಾಟುತ್ತದೆ. ಹದಿನಾರೂ ರೆಕ್ಕೆಗಳಿಗೆ ಜಾಗ ಹೊಂದಿಸುವಾಗ ನಾನು ಎರಡು ಹಗಲು ರಬ್ಬರು ಸವೆಸಿದೆ. ಕಡೆಗೆ ಒಂದು ರೆಕ್ಕೆಯನ್ನು ಗಿರಣಿಯ ಗೋಡೆಯ ಕಡೆಗೆ ಮಗ್ಗುಲಾಗಿ ತಿರುಗಿಸಿದ ಮೇಲೆ ನಕ್ಷೆ ಕೂಡಿತು. ಆ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಅಂದು ಅದು ನನ್ನ ನೆನಪಿನಲ್ಲಿ ಇರಲಿಲ್ಲ.

ಇಷ್ಟು ಇಕ್ಕಟ್ಟಿನಲ್ಲಿ ದೊಡ್ಡ ಯಂತ್ರ ಬೇಕಾದದ್ದು ಚಂಪವ್ವನ ಖಾರದ ಗಿರಣಿಗಾಗಿ. ಚಂಪವ್ವ ಐವತ್ತು ದಾಟಿದವಳು. ಗಂಡನಿಲ್ಲ, ಮಗಳನ್ನು ಲಗ್ನ ಮಾಡಿಕೊಟ್ಟಾಗಿದೆ, ಮನೆಯಲ್ಲಿ ಒಬ್ಬಳೇ. ಒಂದು ಕಾಲಕ್ಕೆ ಅವಳು ಒನಕೆಯಲ್ಲಿ ಕುಟ್ಟಿದ ಮಸಾಲೆ ಖಾರಕ್ಕೆ ನಾಲ್ಕು ಓಣಿಗಳ ಜನ ಡಬ್ಬಿ ಹಿಡಿದು ಬರುತ್ತಿದ್ದರು. ಐದು ವರ್ಷದ ಹಿಂದೆ, ಒಂದು ಬೇಸಿಗೆಯಲ್ಲಿ, ಕಾರಣವಿಲ್ಲದೆ ಜನ ಬರುವುದನ್ನು ನಿಲ್ಲಿಸಿದರು. ತನ್ನ ಕೈಯ ಹದವೇ ಹೋಯಿತೆಂದು ಅವಳು ತಿಳಿದಳು. ಕೈ ಹೋದರೆ ಹೋಗಲಿ, ಯಂತ್ರವಾದರೂ ಹದ ತಪ್ಪುವುದಿಲ್ಲವೆಂದು ಕುಟ್ಟುವ ಯಂತ್ರವೊಂದನ್ನು ತರಿಸಿದಳು. ಹಳೆಯ ಟ್ರಾನ್ಸ್‌ಫಾರ್ಮರ್ ಅದನ್ನು ತಾಳದೆ ಮೂರು ವರ್ಷದಿಂದ ಅದು ಗೋಣಿತಟ್ಟು ಹೊದ್ದುಕೊಂಡು ಪಡಸಾಲೆಯಲ್ಲಿ ಕುಳಿತಿತ್ತು. ಅವಳು ದಿನವೂ ಅದರ ಧೂಳು ಒರೆಸುತ್ತಿದ್ದಳು.

ನಾನು ಬಾವಿ ಓಣಿಯನ್ನು ಮುಟ್ಟಿದಾಗ ತಪಾಸಣಾಧಿಕಾರಿ ಜಿನ್ನಪ್ಪ ಉಪಾಧ್ಯೆಯವರು ಕೊಡೆಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಹುರಿದ ಶೇಂಗಾ ಬಿಡಿಸುತ್ತಿದ್ದರು. ತಾಸಿಗೊಮ್ಮೆ ಎದ್ದು ಉಷ್ಣಮಾಪಕ ನೋಡುವುದು, ಅಂಕಿಯನ್ನು ಗಟ್ಟಿಯಾಗಿ ಕೂಗುವುದು, ಬರೆದುಕೊಳ್ಳುವುದು, ಮತ್ತೆ ಶೇಂಗಾ.

"ಐವತ್ತೆಂಟು!" ಎಂದರು ನನ್ನನ್ನು ನೋಡಿ. "ಗೆರಿ ಇರೂದು ಎಂಬತ್ನಾಕಕ್ಕ. ನಿಮ್ಮ ಲೆಕ್ಕ ಏನಂತೈತ್ರಿ ಬಾಯಾರ?"

"ಎಂಬತ್ತಮೂರೂವರೆಗೆ ನಿಲ್ಲಬೇಕು."

"ಹನ್ನೊಂದನೇದ್ದು ತಣ್ಣಗೈತಿ ಅಂತಾರ್ರಿ ಜನ."

"ಹಾಗಿದ್ದರೆ ಎಂಬತ್ತೈದು."

"ನನಗ ಅಂಕಿ ಬೇಕು, ಕಥಿ ಬ್ಯಾಡ. ಸಂಜೀಕ ಏನ್ ಕಾಣತೈತೋ ಅದನ್ನ ಬರೀತೀನಿ," ಎಂದು ಅವರು ಸಿಪ್ಪೆ ಊದಿದರು.

ದಾವಲಸಾಬ ಏಣಿಯ ಬುಡದಲ್ಲಿ ಕುಳಿತಿದ್ದ. ನಮ್ಮ ಕಾರ್ಖಾನೆಯ ಹಿರಿಯ ಬೆಸುಗೆಗಾರ ಅವನೇ. ನನ್ನ ನಕ್ಷೆಗಳಿಗೆ ಮೈ ಕೊಡುವವನು ಅವನೇ. ನಮ್ಮಿಬ್ಬರ ನಡುವೆ ಕೆಲಸದ ಮಾತು ಮಾತ್ರ ಇತ್ತು. ಹನ್ನೊಂದು ವರ್ಷದ ಹಿಂದೆ ನನ್ನನ್ನು ಕೇಳದೆ ಅವನು ಒಂದು ತೊಟ್ಟಿಯನ್ನು ನಾಲ್ಕು ಇಂಚು ಗಿಡ್ಡ ಮಾಡಿದ್ದ. ನಾನು ಎಲ್ಲರೆದುರು ಅವನನ್ನು ಹೀನಾಯವಾಗಿ ಬೈದಿದ್ದೆ. ಆಮೇಲೆ ನೋಡಿದರೆ ತಪ್ಪಿದ್ದದ್ದು ನನ್ನ ಅಳತೆಯೇ, ಅವನು ತಿದ್ದಿದ್ದ. ನಾನು ಅದನ್ನು ಎಂದೂ ಒಪ್ಪಿಕೊಳ್ಳಲಿಲ್ಲ, ಅವನು ಎಂದೂ ಕೇಳಲಿಲ್ಲ.

"ಚಂಪವ್ವನ್ನ ಕೇಳಿದ್ಯಾ?" ಎಂದೆ.

"ಕೇಳಿದೆನ್ರಿ. ಯಾರ ಮ್ಯಾಲೂ ಸಿಟ್ಟಿಲ್ಲ ಅಂತಾಳ್ರಿ. ನಿನ್ನಿ ರಾತ್ರಿ ಹುಗ್ಗಿ ಮಾಡಿ ಓಣಿಗೆಲ್ಲಾ ಹಂಚ್ಯಾಳಂತ. ಸಿಟ್ಟಿನ ಮಂದಿ ಹುಗ್ಗಿ ಮಾಡ್ತಾರೇನ್ರಿ?"

ಚಂಪವ್ವ ತನ್ನ ರೆಕ್ಕೆಯ ಎದುರಿಗೇ ನಿಂತಿದ್ದಳು. ಅಂಗೈಯನ್ನು ಅದರ ಮೇಲೆ ಊರಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವವಳಂತೆ ಮತ್ತೆ ಮತ್ತೆ ಜಾಗ ಬದಲಿಸುತ್ತಿದ್ದಳು. ಆಚೀಚೆಯ ರೆಕ್ಕೆಗಳು ಕೈ ಇಡಗೊಡದಷ್ಟು ಕಾದಿದ್ದವು. ಅವಳದು ಕುಡಿಯುವ ನೀರಿನ ಬಿಂದಿಗೆಯಷ್ಟು ತಣ್ಣಗಿತ್ತು.

"ಬಾಯಾರ, ನಾ ಸುಳ್ಳ ಹೇಳಾಕತ್ತಿಲ್ರಿ," ಎಂದಳು. "ಆದ್ರ ಇದು ಸುಳ್ಳ ಹೇಳೂದಿಲ್ಲಲ್ಲ. ನನ್ನೊಳಗ ಏನರ ಇರಬೇಕು. ಏನಂತ ನನಗ ತಿಳೀವಲ್ದು."

ಓಣಿಯಲ್ಲಿ ಬೆಲ್ಲ ಕುಟ್ಟುವ ಸದ್ದು ಆಗಲೇ ಕೇಳಿಸುತ್ತಿತ್ತು.

ಹತ್ತು ಗಂಟೆಗೆ ಮೊದಲ ಬೆಲ್ಲ ಬಂತು. ತಂದವರು ಗಿರಣಿಯ ಗುರುಸಿದ್ದಪ್ಪ. ಹಿಟ್ಟಿನ ಮೈಯಲ್ಲಿಯೇ ಬಂದು, ಬಾಗಿಲ ಹೊರಗೆ ನಿಂತು, ರೂಢಿಯ ಪ್ರಕಾರ "ನನ್ನಿಂದೇನು?" ಎಂದರು. ಚಂಪವ್ವ "ನಿಮ್ಮಿಂದಲ್ರೀ ಅಣ್ಣಾರ" ಎಂದು ಬೆಲ್ಲವನ್ನು ಹಿಂದಕ್ಕೆ ನೀಡಿದಳು. ಅವರು ತೆಗೆದುಕೊಳ್ಳಲಿಲ್ಲ.

"ಹಂಗಲ್ಲವಾ. ನಿನಗ ಗೊತ್ತಿರಲಿಕ್ಕಿಲ್ಲ. ನಿನ್ನ ಕರಿಬೇವಿನ ಗಿಡ ಒಣಗಿತ್ತಲ್ಲ, ಅದು ರೋಗದಿಂದಲ್ಲ. ಅದರ ಎಲಿ ನನ್ನ ಗಿರಣ್ಯಾಗ ಉದರತಿದ್ವು. ದಿನಾ ಒಂದೊಂದು ತಂಬಿಗಿ ಬಿಸಿನೀರ ಹಾಕಿದೆ."

ಚಂಪವ್ವನ ಬಾಯಿ ತೆರೆದೇ ಉಳಿಯಿತು. "ನೀವಾ? ಅದಕ್ಕ ನಾ ಬೇವಿನ ಹಿಂಡಿ ಹಾಕಿದೆ, ಮಜ್ಜಿಗಿ ಹಾಕಿದೆ, ದೃಷ್ಟಿ ತಗದೆ!"

"ನೋಡಿದೆನವಾ ಅದನ್ನೂ," ಎಂದರು ಗುರುಸಿದ್ದಪ್ಪ ತಲೆ ತಗ್ಗಿಸಿ.

ಮುಂದಿನವರು ಚಿತ್ರಕಲೆಯ ನಿವೃತ್ತ ಶಿಕ್ಷಕ ಪಾಂಡುರಂಗ ಮಾಸ್ತರರು. ಒಂಬತ್ತು ವರ್ಷದ ಹಿಂದೆ ಕೇಳಿ ಒಯ್ದ ಏಣಿಯನ್ನು ಅವರು ಮರಳಿಸಿರಲಿಲ್ಲ. ಚಂಪವ್ವ ಮರೆತಿರುವಳೆಂದು ಕಂಡುಬಂದಾಗ ಅದಕ್ಕೆ ಹಸಿರು ಬಣ್ಣ ಬಳಿದು ತಮ್ಮ ಹೆಸರು ಬರೆದುಬಿಟ್ಟಿದ್ದರು. ಬೆಳಗಿನಿಂದ ಟ್ರಾನ್ಸ್‌ಫಾರ್ಮರಿಗೆ ಒರಗಿ ನಿಂತಿದ್ದುದು ಆ ಏಣಿಯೇ. ಉಪಾಧ್ಯೆಯವರೂ ಕುರ್ಚಿಯಿಂದ ತಿರುಗಿ ಅದನ್ನೊಮ್ಮೆ ನೋಡಿದರು.

"ಅಕ್ಷರ ಛಂದ ಅದಾವಲ್ರೀ ಮಾಸ್ತರ," ಎಂದಳು ಚಂಪವ್ವ. ದನಿ ಗಡುಸಾಗಿತ್ತು.

ಹೀಗೆ ಬಿಸಿಲೇರುವ ಹೊತ್ತಿಗೆ ಹದಿನಾಲ್ಕು ಮನೆಗಳ ಬೆಲ್ಲ ಅವಳ ಕಟ್ಟೆಯ ಮೇಲಿನ ಪರಾತದಲ್ಲಿ ಸೇರಿತು. ಒಬ್ಬರೂ ಬರಿಯ ಪ್ರಶ್ನೆ ಕೇಳಿ ಹೋಗಲಿಲ್ಲ. ಟ್ರಾನ್ಸ್‌ಫಾರ್ಮರ್ ಕೈತಪ್ಪುವ ಭಯದಲ್ಲಿ ಪ್ರತಿಯೊಬ್ಬರೂ ತಮ್ಮಲ್ಲಿದ್ದುದನ್ನೆಲ್ಲ ಕೆದಕಿ ತೆಗೆದರು. ಸಾಲಿನಲ್ಲಿ ಕಾಯುತ್ತ ನಿಂತವರು ಅಷ್ಟಕ್ಕೇ ಸುಮ್ಮನಿರದೆ ಮುಂದೆ ನಿಂತವರಿಗೂ ಹಿಂದೆ ನಿಂತವರಿಗೂ ಹಳೆಯ ಸಂಗತಿಗಳನ್ನು ಒಪ್ಪಿಸತೊಡಗಿದರು. ಉಳಿದ ರೆಕ್ಕೆಗಳು ಬಣ್ಣ ಹೊಗೆಯಾಡುವಷ್ಟು ಕಾದವು. ಹನ್ನೊಂದನೆಯದು ಮಾತ್ರ ಹಾಗೆಯೇ ಇತ್ತು.

"ಎಪ್ಪತ್ತೊಂಬತ್ತು!" ಎಂದರು ಉಪಾಧ್ಯೆಯವರು ಎರಡು ಗಂಟೆಗೆ.

"ದಾವಲಣ್ಣಾ," ಎಂದಳು ಚಂಪವ್ವ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಮುಂಜಾನೆ ನನಗ ಯಾರ ಮ್ಯಾಲೂ ಸಿಟ್ಟಿರಲಿಲ್ಲ. ಈಗ ಬರಾಕತ್ತೈತಿ!"

"ಬ್ಯಾಡವ್ವಾ ಬ್ಯಾಡ! ಆರರ ತನಕ ತಡಕೋ. ಆರು ಬಡದ ಮ್ಯಾಲ ಕಸಬರಿಗಿ ನಾನ ತಂದು ಕೊಡ್ತೀನಿ, ಎಲ್ಲಾರನ್ನೂ ಬಡಿಯಾಕಂತಿ."

ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ. ಇಲ್ಲಿಯ ತನಕ ಕಾರಣವಿಲ್ಲದೆ ತಣ್ಣಗಿದ್ದ ರೆಕ್ಕೆಗೆ ಇನ್ನು ಮೇಲೆ ಹದಿನಾಲ್ಕು ಕಾರಣಗಳು ಒದಗಿದ್ದವು.

ಮೂರಕ್ಕೆ ಎಂಬತ್ತೊಂದು. ನಾಲ್ಕಕ್ಕೆ ಎಂಬತ್ತೆರಡೂವರೆ. ಹದಿನೈದನೆಯವರು ಇನ್ನೂ ಬಂದಿರಲಿಲ್ಲ. ಅದು ಎದುರು ಮನೆ. ಅಲ್ಲಿದ್ದವಳು ಚಂಪವ್ವನ ನೆಗೆಣ್ಣಿ, ಅಂದರೆ ಗಂಡನ ತಮ್ಮನ ಹೆಂಡತಿ, ಮಲ್ಲವ್ವ. ಇಬ್ಬರಲ್ಲಿ ಜಗಳವಿದ್ದುದನ್ನು ಯಾರೂ ಕಂಡಿರಲಿಲ್ಲ. ಮಲ್ಲವ್ವನ ರೆಕ್ಕೆಯೂ ಬಿಸಿಯಾಗಿಯೇ ಇತ್ತು. ಆದರೆ ಬೆಳಗಿನಿಂದ ಅವಳ ಬಾಗಿಲು ಮುಚ್ಚಿಯೇ ಇತ್ತು. ನಾಲ್ಕೂವರೆಗೆ ಅದು ತೆರೆಯಿತು. ಮಲ್ಲವ್ವ ಹೊರಗೆ ಬಂದಳು. ಅವಳ ಕೈಯಲ್ಲಿದ್ದುದು ಚೂರಲ್ಲ, ಇಡೀ ಬೆಲ್ಲದ ಅಚ್ಚು.

ಮಲ್ಲವ್ವ "ನನ್ನಿಂದೇನು?" ಎಂದು ಕೇಳಲಿಲ್ಲ. "ನನ್ನಿಂದ, ಅಕ್ಕಾ," ಎಂದಳು. "ಐದು ವರ್ಷದ ಹಿಂದ, ನಿನ್ನ ಖಾರ ಬಾಳ ಹೊಗಳ್ತಿದ್ರಲ್ಲ ಎಲ್ಲಾರೂ. ನಮ್ಮನಿಗೆ ಬಂದವರೂ ಉಂಡು ಎದ್ದು ನಿನ್ನ ಖಾರದ ಮಾತ ಆಡ್ತಿದ್ರು. ನನಗ ತಡೀಲಿಲ್ಲ. ಚಂಪಕ್ಕನ ಒಳ್ಳಕಲ್ಲು ಸವದೈತಿ, ಖಾರದಾಗ ಕಲ್ಲಿನ ಪುಡಿ ಬರತೈತಿ ಅಂತ ನಾಕ ಮಂದಿಗೆ ಅಂದೆ. ನಾಕ ಮಂದಿ ನಲವತ್ತ ಮಂದಿಗೆ ಅಂದ್ರು. ಬಂದಿದ್ದಿಲ್ಲ. ಕಲ್ಲು ಬಂದಿದ್ದಿಲ್ಲ, ಅಕ್ಕಾ."

ಚಂಪವ್ವ ಕಟ್ಟೆಯ ಮೇಲೆ ಕುಳಿತಳು. ಬೆಲ್ಲದ ಪರಾತ ಪಕ್ಕಕ್ಕೆ ಸರಿಯಿತು. ಐದು ವರ್ಷ ಅವಳು ತನ್ನ ಅಂಗೈಯನ್ನೇ ಅನುಮಾನಿಸಿದ್ದಳು. ಮಗಳ ಮನೆಗೆ ಕಳಿಸುವ ಖಾರವನ್ನು ಸಹ ಅಂಗಡಿಯಿಂದ ತಂದು ಕಳಿಸುತ್ತಿದ್ದಳೆಂದು ಆಮೇಲೆ ತಿಳಿಯಿತು. ದಾವಲಸಾಬ ಕಣ್ಣು ಮುಚ್ಚಿಕೊಂಡ. ಗುರುಸಿದ್ದಪ್ಪನವರು ಗಿರಣಿಯ ಪಟ್ಟಿ ನಿಲ್ಲಿಸಿದರು. ನಾನು ಉಷ್ಣಮಾಪಕದತ್ತ ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಏನೋ ಒಂದು ಏರುತ್ತಿತ್ತು. ಅದು ಯಾವುದೆಂದು ಹೇಳುವುದು ಸಾಧ್ಯವಿರಲಿಲ್ಲ.

"ಕಲ್ಲು ಬಂದಿದ್ದಿಲ್ಲ?" ಎಂದಳು ಚಂಪವ್ವ.

"ಇಲ್ಲ."

"ಸಣ್ಣ ಹಳಕು?"

"ಒಂದ ಹಳಕೂ ಇದ್ದಿದ್ದಿಲ್ಲ."

"ಹಂಗಾರ ನನ್ನ ಖಾರ ಛಲೋ ಇತ್ತು?"

"ಅದಕ್ಕ ಅಲ್ಲೇನ ನನ್ನ ಹೊಟ್ಟಿ ಉರದಿದ್ದು!" ಎಂದು ಮಲ್ಲವ್ವ ಅತ್ತೇಬಿಟ್ಟಳು.

ಚಂಪವ್ವ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಎದೆಯಲ್ಲಿ, ಆಮೇಲೆ ಇಡೀ ಮೈಯಲ್ಲಿ. "ಕೇಳಿದ್ರೇನ್ರೇ! ನನ್ನ ಕೈ ಹೋಗಿದ್ದಿಲ್ಲ! ಹೋಗೇ ಇಲ್ಲ!" ಎಂದು ಅಂಗೈಗಳನ್ನು ಎಲ್ಲರಿಗೂ ತೋರಿಸಿದಳು. ಬೆಲ್ಲದ ಅಚ್ಚನ್ನು ಕಿತ್ತುಕೊಂಡು, ಒಂದು ಮೂಲೆ ಕಚ್ಚಿ, ಉಳಿದದ್ದನ್ನು ನೆಗೆಣ್ಣಿಯ ಬಾಯಿಗೆ ತುರುಕಿದಳು. "ಹೊಟ್ಟಿ ಉರಕೊಳ್ಳವ್ವಾ, ಇನ್ನ ಮ್ಯಾಲ ದಿನಾ ಉರಕೋ!"

ಓಣಿಗೆ ಓಣಿಯೇ ಟ್ರಾನ್ಸ್‌ಫಾರ್ಮರಿನತ್ತ ನುಗ್ಗಿತು. ಮುಂದೆ ಹೋದ ಮಾಸ್ತರರು ಹನ್ನೊಂದನೆಯ ರೆಕ್ಕೆಯ ಮೇಲೆ ಕೈಯಿಟ್ಟರು. ಇಟ್ಟ ಕೈಯನ್ನು ತೆಗೆಯದೆ ಹಿಂದಿರುಗಿ ನೋಡಿದರು. ರೆಕ್ಕೆ ಇನ್ನೂ ತಣ್ಣಗಿತ್ತು.

"ಎಂಬತ್ಮೂರು ಮುಕ್ಕಾಲು," ಎಂದರು ಉಪಾಧ್ಯೆಯವರು. ಗಂಟೆ ಐದಕ್ಕೆ ಹತ್ತು ನಿಮಿಷವಿತ್ತು. ಈ ಸಲ ಅವರು ಕೂಗಲಿಲ್ಲ, ಮೆಲ್ಲಗೆ ಹೇಳಿದರು.

ನಗುವ ಮನೆಯ ರೆಕ್ಕೆ ತಣ್ಣಗಿರುವುದನ್ನು ಈ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ನಾನು ರೆಕ್ಕೆಯ ಹತ್ತಿರ ಹೋದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ, ಅಳತೆಯವಳು ಮುಟ್ಟಬೇಕಾದ ಹಾಗೆ ಮುಟ್ಟಿದೆ. ಮೇಲೆ, ತೊಟ್ಟಿಗೂ ರೆಕ್ಕೆಗೂ ಸೇರುವ ಕೊಳವೆ ಸುಡುತ್ತಿತ್ತು. ಎರಡು ಬೆರಳು ಆಚೆಗೆ ಸರಿಸಿದರೆ ತಣ್ಣಗೆ. ಎಣ್ಣೆ ಬಾಗಿಲ ತನಕ ಬಂದು ನಿಂತಿತ್ತು. ಒಳಗೆ ಏನೋ ಅದಕ್ಕೆ ಜಾಗ ಕೊಡುತ್ತಿರಲಿಲ್ಲ.

"ಬಾಯಾರ," ಎಂದು ದಾವಲಸಾಬ ನನ್ನ ಕಿವಿಯ ಹತ್ತಿರ ಉಸುರಿದ. "ಹನ್ನೊಂದರ ಗಾಳಿ ತಿರುಪು ಎಲ್ಲೈತ್ರಿ?"

ಹೊಸ ತೊಟ್ಟಿಗೆ ಎಣ್ಣೆ ತುಂಬುವಾಗ ಪ್ರತಿ ರೆಕ್ಕೆಯ ತಲೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಒಂದು ತಿರುಪು ಇರುತ್ತದೆ. ಅದನ್ನು ಅರ್ಧ ಸುತ್ತು ಬಿಚ್ಚಿದರೆ ಗಾಳಿ ಹೊರಗೆ ಹೋಗಿ ಎಣ್ಣೆ ಒಳಗೆ ಬರುತ್ತದೆ. ದಾವಲಸಾಬನ ಜನ ಹದಿನೈದು ತಿರುಪುಗಳನ್ನು ಬಿಚ್ಚಿ ಬಿಗಿದಿದ್ದರು. ಉಳಿದ ಒಂದು, ಹನ್ನೊಂದನೆಯ ರೆಕ್ಕೆಯದು, ಅವರ ಕಣ್ಣಿಗೆ ಬಿದ್ದಿರಲಿಲ್ಲ. ಎಲ್ಲಿಂದ ಬೀಳಬೇಕು? ನಾನು ಎರಡು ಹಗಲು ರಬ್ಬರು ಸವೆಸಿ ಗೋಡೆಯ ಕಡೆಗೆ ತಿರುಗಿಸಿದ್ದ ರೆಕ್ಕೆ ಅದೇ. ತಿರುಪು ಗಿರಣಿಯ ಗೋಡೆಗೆ ಮುಖ ಮಾಡಿ ಕುಳಿತಿತ್ತು. ಬೇರೆ ಯಾವ ಊರಿನಲ್ಲಾದರೂ ತಣ್ಣಗಿರುವ ರೆಕ್ಕೆಯನ್ನು ಕಂಡ ಕೂಡಲೇ ಕೆಲಸದವರು ಮೊದಲು ಗಾಳಿಯನ್ನು ನೋಡುತ್ತಿದ್ದರು. ನಮಗೆ ಅದು ಹೊಳೆಯುವುದೇ ಇಲ್ಲ. ನಾವು ಬೆಲ್ಲ ಕುಟ್ಟುತ್ತೇವೆ.

ನಾನು ಉಪಾಧ್ಯೆಯವರ ಬಳಿಗೆ ಹೋಗಿ, ಒಂದು ಸಣ್ಣ ಬಿಗಿತವನ್ನು ಪರೀಕ್ಷಿಸಬೇಕೆಂದೂ, ನಿಯಮದಂತೆ ಸರಬರಾಜು ತಡೆಯಬೇಕೆಂದೂ ಕೇಳಿದೆ.

"ಐದು ಮಿನಿಟು," ಎಂದರು ಅವರು ಗಡಿಯಾರ ಬಿಚ್ಚಿ ತೊಡೆಯ ಮೇಲಿಡುತ್ತ. "ಆರನೇ ಮಿನಿಟಿಗೆ ಪರೀಕ್ಷೆ ಕೆಟ್ಟಿತು ಅಂತ ಬರಕೋತೀನಿ."

ವಿದ್ಯುತ್ತು ಕಡಿದಾಯಿತು. ದಾವಲಸಾಬ ಗೋಡೆಗೂ ರೆಕ್ಕೆಗೂ ನಡುವೆ ತೋಳು ತೂರಿಸಿದ, ಮೊಣಕೈಯಲ್ಲಿ ಸಿಕ್ಕಿಕೊಂಡಿತು. ಒಂದು ನಿಮಿಷ ಅದನ್ನು ಬಿಡಿಸುವುದರಲ್ಲಿ ಹೋಯಿತು. ನಾನು ಚಂಪವ್ವನ ಹಸಿರು ಏಣಿ ಹತ್ತಿ, ತಿರುಪು ಬಿಚ್ಚುವ ಪಾನಾ ತೆಗೆದುಕೊಂಡು, ಗೋಡೆಗೆ ಕೆನ್ನೆ ಒತ್ತಿ ಕೈ ತೂರಿಸಿದೆ. ಕಣ್ಣಿಗೆ ಏನೂ ಕಾಣುವಂತಿರಲಿಲ್ಲ. ಬೆರಳ ತುದಿಗೆ ತಿರುಪು ಸಿಕ್ಕಿತು, ಪಾನಾ ಕೂಡಲಿಲ್ಲ. ಮತ್ತೆ ಇಟ್ಟೆ, ಜಾರಿತು.

"ಮೂರು," ಎಂದರು ಉಪಾಧ್ಯೆಯವರು.

ಪಕ್ಕದ ರೆಕ್ಕೆ ನನ್ನ ತೋಳನ್ನು ಸುಡುತ್ತಿತ್ತು. "ಎಡಕ್ಕ ಅಲ್ರಿ ಬಾಯಾರ, ಬಲಕ್ಕ ವಾಲಿಸ್ರಿ," ಎಂದ ದಾವಲಸಾಬ ಕೆಳಗಿನಿಂದ. ಹನ್ನೊಂದು ವರ್ಷದ ಹಿಂದಿನ ನಾನಾಗಿದ್ದರೆ ಎಡಕ್ಕೇ ವಾಲಿಸುತ್ತಿದ್ದೆನೇನೋ. ಬಲಕ್ಕೆ ವಾಲಿಸಿದೆ. ಪಾನಾ ಕಚ್ಚಿಕೊಂಡಿತು. ಅರ್ಧ ಸುತ್ತು. ಬುಸ್ಸೆಂದು ಉದ್ದವಾದ ಒಂದು ಉಸಿರು ನನ್ನ ಮಣಿಕಟ್ಟಿನ ಮೇಲೆ ಹಾಯಿತು. ಅದರ ಹಿಂದೆಯೇ ಬಿಸಿ ಎಣ್ಣೆ ರವಿಕೆಯ ತೋಳನ್ನು ತೋಯಿಸಿತು. ತಿರುಪನ್ನು ಬಿಗಿದು ಇಳಿದೆ.

"ನಾಕೂವರಿ. ಕರೆಂಟ್ ಹಚ್ಚರಿ," ಎಂದರು ಉಪಾಧ್ಯೆಯವರು.

ಐದೂಕಾಲಕ್ಕೆ ಹನ್ನೊಂದನೆಯ ರೆಕ್ಕೆ ಬೆಚ್ಚಗಾಯಿತು. ಐದೂವರೆಗೆ ಅದರ ಮೇಲೆ ಕೈಯಿಟ್ಟ ಗುರುಸಿದ್ದಪ್ಪನವರು "ಅಯ್ಯಯ್ಯೋ" ಎಂದು ಬೆರಳು ಬಾಯಲ್ಲಿಟ್ಟುಕೊಂಡರು. "ನಗಿ ಒಳಗಿಂದ ಬರಾಕ ಇಷ್ಟ ಹೊತ್ತ ಹಿಡೀತು ನೋಡು," ಎಂದು ಅವರೇ ವಿವರಣೆಯನ್ನೂ ಕೊಟ್ಟರು. ಆರು ಗಂಟೆಗೆ ಉಪಾಧ್ಯೆಯವರು ಎದ್ದರು, ಮಡಿಲಿನ ಸಿಪ್ಪೆ ಕೊಡವಿದರು, ಬಗ್ಗಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

"ಎಂಬತ್ತೆರಡೂವರಿ! ಬಾಯಾರ, ನಿಮ್ಮ ಲೆಕ್ಕಕ್ಕಿಂತ ಒಂದು ಡಿಗ್ರಿ ಕಡಿಮಿ ಬಂದೈತಲ್ರಿ. ಎಲ್ಲಿ ತಪ್ಪೀರಿ?"

ತಪ್ಪಿರಲಿಲ್ಲ. ಆದರೆ ಒಂದೇ ದಿನ ಹದಿನಾರು ಮನೆಗಳು ಅಷ್ಟೊಂದನ್ನು ಹೊರಗೆ ಹಾಕಿ ಕುಳಿತರೆ ಒಂದು ರೆಕ್ಕೆ ಎಷ್ಟು ವ್ಯಾಟ್ ಹೊರುತ್ತದೆಂಬುದು ನನ್ನ ಕೋಷ್ಟಕದಲ್ಲಿ ಇರಲಿಲ್ಲ. ಅವರು ರುಜು ಹಾಕುವ ಹೊತ್ತಿಗೆ ಚಂಪವ್ವ ಗೋಣಿತಟ್ಟನ್ನು ಎಳೆದೊಗೆದು ಯಂತ್ರ ಹಚ್ಚಿದ್ದಳು. ಮೊದಲ ಹಿಡಿ ಒಣಮೆಣಸಿನಕಾಯಿ ಬಿದ್ದದ್ದೇ ಓಣಿಗೆ ಓಣಿಯೇ ಸೀನಿತು. ಉಪಾಧ್ಯೆಯವರು ಸೀನಿದ ರಭಸಕ್ಕೆ ರುಜುವಿನ ಕೊನೆಯ ಅಕ್ಷರ ಕಾಗದದ ಅಂಚಿನ ತನಕ ಹೋಯಿತು. ಅದು ಇಂದಿಗೂ ನಮ್ಮ ಕಡತದಲ್ಲಿದೆ.

ಜನ ಚದುರಿದ ಮೇಲೆ ನಾನು ಅಂಗಡಿಯಿಂದ ಒಂದು ಚೂರು ಬೆಲ್ಲ ತೆಗೆದುಕೊಂಡು ಚಂಪವ್ವನ ಬಾಗಿಲಿಗೆ ಹೋದೆ. ಆ ಓಣಿಯವಳಲ್ಲದ ನಾನು ಬೆಲ್ಲ ಹಿಡಿದು ನಿಂತದ್ದನ್ನು ನೋಡಿ ಅವಳು ನನ್ನ ರವಿಕೆಯ ತೋಳನ್ನು ಹಿಡಿದು ಮೂಸಿದಳು.

"ಎಣ್ಣಿ," ಎಂದಳು. "ನಮ್ಮ ಅಡಗಿಮನಿ ಕಿಟಕಿ ಆ ಗೋಡಿ ಬಾಜೂಕ ಐತ್ರಿ ಬಾಯಾರ. ಬುಸ್ಸ್ ಅಂದಿದ್ದು ಕೇಳಿದೆ. ನನ್ನ ರೆಕ್ಕ್ಯಾಗ ಇದ್ದಿದ್ದು ಸಿಟ್ಟಲ್ಲ."

"ಗಾಳಿ," ಎಂದೆ. "ನನ್ನಿಂದ."

ಅವಳು ಬೆಲ್ಲವನ್ನು ಮರಳಿಸಲಿಲ್ಲ. ಒಳಗೆ ಕರೆದು, ಹೊಸ ಖಾರವನ್ನು ಬಿಸಿ ಅನ್ನಕ್ಕೆ ಹಾಕಿ ಎಣ್ಣೆ ಬಿಟ್ಟು ಕಲಸಿ ಕೊಟ್ಟಳು. ಕಣ್ಣಲ್ಲಿ ನೀರು ಬರುವಷ್ಟು ಖಾರ, ಕೈ ನಿಲ್ಲಿಸಲಾಗದಷ್ಟು ರುಚಿ. ನಾನು ಎರಡನೆಯ ಸಲ ಹಾಕಿಸಿಕೊಂಡಾಗ ಅವಳು, "ಯಾರಿಗೂ ಹೇಳಬ್ಯಾಡ್ರಿ ಮತ್ತ. ಪಾಪ, ಮಲ್ಲವ್ವಗ ಗೊತ್ತಾದ್ರ ಸುಮ್ಮನ ಹೇಳಿ ಕೆಟ್ಟೆ ಅಂತಾಳ," ಎಂದಳು.

ಮರುವರ್ಷ ಗಡಿಯಾರದ ಓಣಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಅದು ನಾನಿರುವ ಓಣಿ. ಬಯಲು ಜಾಗವಾದ್ದರಿಂದ ಮುನಿಸಿನ ಪಾಲನ್ನು ಧಾರಾಳವಾಗಿ ಬಿಟ್ಟೆ. ತಿರುಪುಗಳೆಲ್ಲ ಎದುರಿಗೇ ಕಾಣುವಂತೆ ಇಟ್ಟೆ. ಪರೀಕ್ಷೆಯ ಬೆಳಗ್ಗೆ ದಾವಲಸಾಬ ಏಣಿಯಿಂದ ಇಳಿದು ಕೈ ಒರೆಸಿಕೊಳ್ಳುತ್ತಿದ್ದ.

"ಎಲ್ಲ ತಿರುಪಿನ ಗಾಳಿ ತೆಗೆದಾಯಿತೇನು?" ಎಂದೆ.

"ಒಂದು ಬಿಟ್ಟೀನ್ರಿ," ಎಂದ ಅವನು, ಅಕ್ಕಪಕ್ಕ ನೋಡಿ. "ನಾಕು ಗಂಟೆಕ್ಕ ತಗೀತೀನಿ. ಆ ಬಾವಿ ಓಣ್ಯಾಗ ಆದದ್ದು ಬಾಳ ಛಲೋ ಆತಲ್ರೀ."

"ಯಾವುದನ್ನು?"

"ಅದನ್ನ ನೀವು ಕೇಳಬಾರದ್ರಿ. ನಿಮ್ಮ ಮಾರಿ ಮ್ಯಾಲ ಎಲ್ಲಾ ಕಾಣತೈತಿ."

ಹತ್ತು ಗಂಟೆಗೆ ನನ್ನ ಬಾಗಿಲನ್ನು ಯಾರೋ ತಟ್ಟಿದರು. ಮೇಲಿನ ಮನೆಯವರು, ಅಂಗೈಯಲ್ಲಿ ಬೆಲ್ಲದ ಚೂರು. ಅವನು ಬಿಟ್ಟದ್ದು ನನ್ನ ರೆಕ್ಕೆಯನ್ನೇ. ಗಾಳಿ ತಿರುಪಿನ ವಿಷಯ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮಧ್ಯಾಹ್ನದೊಳಗೆ ಏಳು ಜನ ಬಂದರು. ನಾನು ಕನಸಿನಲ್ಲಿಯೂ ಊಹಿಸದ ಏಳು ಸಂಗತಿಗಳನ್ನು ಕೇಳಿದೆ. ಅವುಗಳಲ್ಲಿ ಎರಡು ನನ್ನ ತಪ್ಪೇ ಆಗಿದ್ದವು. ನಾಲ್ಕಕ್ಕೆ ಸ್ವಲ್ಪ ಮೊದಲು ಎಂಟನೆಯ ಬಾರಿ ಬಾಗಿಲು ತಟ್ಟಿತು. ತೆರೆದರೆ ದಾವಲಸಾಬ, ಟೋಪಿ ಸರಿಮಾಡಿಕೊಂಡು, ಒಂದು ಕೈಯಲ್ಲಿ ಪಾನಾ, ಇನ್ನೊಂದರಲ್ಲಿ ಕಾಗದದ ಪೊಟ್ಟಣ. ಈ ಓಣಿಯಲ್ಲಿ ಅವನಿಗೆ ಮನೆಯಿರಲಿಲ್ಲ, ರೆಕ್ಕೆಯೂ ಇರಲಿಲ್ಲ.

"ನನ್ನಿಂದೇನ್ರಿ?" ಎಂದ.

ನಾಲ್ಕು ಇಂಚಿನ ಮಾತು ಅವನ ಕಣ್ಣಲ್ಲಿ ಹನ್ನೆರಡು ವರ್ಷದಿಂದ ಇದ್ದ ಹಾಗೆಯೇ ಇತ್ತು. ನಾನು ಬೆಲ್ಲವನ್ನು ತೆಗೆದುಕೊಂಡೆ, ಅರ್ಧ ಮುರಿದು ಅವನ ಕೈಗಿಟ್ಟೆ.

"ನನ್ನಿಂದ," ಎಂದೆ. "ಒಳಗೆ ಬಾ. ಮೊದಲು ಮಾತು ಮುಗಿಯಲಿ. ತಿರುಪಿಗೆ ಆಮೇಲೆ ಹೋದರಾಯಿತು."